ಓದುಗರ ಪ್ರಶ್ನೆ: ಬಯಲುಸೀಮೆಯಿಂದ ಕಡಲ ಸ್ನಾನಕ್ಕೆ ಹೊರಡುವವರಿಗೆ

ರಜೆ ಹತ್ತಿರ ಬಂದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕಡಲ ತೀರದ ಪ್ರಶ್ನೆಗಳು ಹೆಚ್ಚಾಗುತ್ತವೆ. ಈ ಬಾರಿಯ ಪತ್ರಗಳಲ್ಲಿ ಬಹುಪಾಲು ಕೋಲಾರ, ಚಿಕ್ಕಬಳ್ಳಾಪುರ ಮತ್ತು ತುಮಕೂರು ಜಿಲ್ಲೆಗಳವು. ಕೆರೆ, ಕುಂಟೆ, ಕಲ್ಯಾಣಿಗಳಷ್ಟನ್ನೇ ನೀರೆಂದು ಕಂಡು ಬೆಳೆದವರಿಗೆ ಸಮುದ್ರದ ಮೇಲೆ ಆಸೆ ಹೆಚ್ಚು, ಪರಿಚಯ ಕಡಿಮೆ. ಆದ್ದರಿಂದ ಈ ಸಂಚಿಕೆಯನ್ನು ಆ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಕೂಡುಕುಟುಂಬ. ಮಕ್ಕಳೂ ಸೇರಿ ಹದಿನಾಲ್ಕು ಜನ ಬೇಸಿಗೆ ರಜೆಯಲ್ಲಿ ಟಿ.ಟಿ. ಮಾಡಿಕೊಂಡು ಮಂಗಳೂರಿಗೆ ಹೋಗಿ, ಪಣಂಬೂರು ಬೀಚಿನಲ್ಲಿ ಒಂದು ದಿನ ಕಳೆಯಬೇಕೆಂದಿದ್ದೇವೆ. ನನ್ನ ಇಬ್ಬರು ತಮ್ಮಂದಿರು ತೋಟದ ಬಾವಿಯಲ್ಲಿ ಈಜು ಕಲಿತವರು, ‘ಸಮುದ್ರವೇನು ಮಹಾ’ ಎನ್ನುತ್ತಿದ್ದಾರೆ. ಯಾವ ತಿಂಗಳು ಹೋಗಬೇಕು, ಯಾವ ಹೊತ್ತಿನಲ್ಲಿ ನೀರಿಗಿಳಿಯಬೇಕು, ಎಷ್ಟು ದೂರ ಹೋಗಬಹುದು ಎಂಬುದನ್ನು ತಿಳಿಸಿ.
— ಒಬ್ಬ ಗೃಹಿಣಿ, ಕೋಲಾರ ತಾಲ್ಲೂಕು

ಉತ್ತರ: ಮೊದಲು ತಮ್ಮಂದಿರ ಮಾತಿಗೆ ಬರೋಣ. ನಾನೂ ಬೆನ್ನಿಗೆ ಸೋರೆಬುರುಡೆ ಕಟ್ಟಿಸಿಕೊಂಡು ಬಾವಿಯಲ್ಲೇ ಈಜು ಕಲಿತವನು. ಮೊದಲ ಸಲ ಕಡಲಿಗಿಳಿದಾಗ ಸೊಂಟದ ಮಟ್ಟದ ನೀರಿನಲ್ಲಿ ಒಂದೇ ಅಲೆಗೆ ಬಿದ್ದು, ಆಕಾಶ ಯಾವ ಕಡೆಗಿದೆ ಎಂದು ತಿಳಿಯದೆ ಹೊರಳಾಡಿದ್ದೇನೆ. ಬಾವಿಯ ನೀರು ನಿಂತ ನೀರು. ಅಲ್ಲಿ ನಾವು ಚಲಿಸುತ್ತೇವೆ, ನೀರು ಚಲಿಸುವುದಿಲ್ಲ. ಕೈಚಾಚಿದರೆ ಎಲ್ಲ ಕಡೆಯೂ ದಡವಿರುತ್ತದೆ. ಕಡಲಿನಲ್ಲಿ ನೀರೇ ಚಲಿಸುತ್ತಿರುತ್ತದೆ ಮತ್ತು ದಡ ಇರುವುದು ಒಂದೇ ಕಡೆ. ಹೀಗಾಗಿ ಈಜು ಬರುವವರು ಈಜು ಬಾರದವರಿಗಿಂತ ಮುಂದೆ ಹೋಗುತ್ತಾರೆ, ಅಪಾಯಕ್ಕೂ ಮೊದಲು ಸಿಕ್ಕುತ್ತಾರೆ.

ಆ ಅಪಾಯದ ಹೆಸರು ಸೆಳೆತ. ದಡಕ್ಕೆ ಸಾಲುಸಾಲಾಗಿ ಬಂದು ಬೀಳುವ ಅಲೆಗಳ ನೀರು ಹೇಗಾದರೂ ಹಿಂದಿರುಗಲೇಬೇಕಲ್ಲವೇ? ಅದು ಮರಳದಿಣ್ಣೆಗಳ ನಡುವೆ ಎಲ್ಲಿ ತಗ್ಗಿದೆಯೋ ಅಲ್ಲಿ ಕೂಡಿಕೊಂಡು, ನಮ್ಮ ಕಡೆ ಕೆರೆಯ ತೂಬು ತೆರೆದಾಗ ನೀರು ನುಗ್ಗುವಂತೆ, ಕಿರಿದಾದ ದಾರಿಯಲ್ಲಿ ಕಡಲ ಕಡೆಗೆ ಓಡುತ್ತದೆ. ಪ್ರಬಲವಾದ ಸೆಳೆತದ ವೇಗ ಸೆಕೆಂಡಿಗೆ 2 ಮೀಟರ್ ಮೀರಬಹುದು. ಅದಕ್ಕೆದುರಾಗಿ ಒಲಿಂಪಿಕ್ ಈಜುಗಾರನೂ ಈಜಿ ಗೆಲ್ಲಲಾರ. ಇದರಲ್ಲಿ ಮೋಸವೊಂದಿದೆ. ಎರಡು ಬದಿಯಲ್ಲೂ ಬಿಳಿ ನೊರೆಯೊಡನೆ ಅಲೆಗಳು ಒಡೆಯುತ್ತಿರುವಾಗ, ಸೆಳೆತವಿರುವ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆಯಾಗಿ ನೀರು ಶಾಂತವಾಗಿ, ತುಸು ಕಪ್ಪಾಗಿ ಕಾಣುತ್ತದೆ. ಮಕ್ಕಳನ್ನು ಆಡಿಸಲು ಇದೇ ಒಳ್ಳೆಯ ಜಾಗವೆಂದು ಹೊಸಬರು ಆರಿಸಿಕೊಳ್ಳುವುದು ಅದನ್ನೇ. ದಡದ ಮೇಲೆ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಆ ಹತ್ತು ನಿಮಿಷವನ್ನು ಯಾರೂ ಕೊಡುವುದಿಲ್ಲ ಎಂಬುದು ನನ್ನ ಅನುಭವ, ಟಿ.ಟಿ. ನಿಂತ ತಕ್ಷಣ ಚಪ್ಪಲಿ ಬಿಸುಟು ಓಡುತ್ತಾರೆ.

ತಿಂಗಳ ವಿಚಾರಕ್ಕೆ ಬಂದರೆ, ಪಶ್ಚಿಮ ಕರಾವಳಿಯಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಎಲ್ಲಕ್ಕಿಂತ ಉತ್ತಮ. ಬೇಸಿಗೆ ರಜೆಯಲ್ಲೇ ಹೋಗಬೇಕೆಂದಾದರೆ ಏಪ್ರಿಲ್‌ನಲ್ಲಿ ಮುಗಿಸಿಕೊಳ್ಳಿ. ಮುಂಗಾರು ವಾಡಿಕೆಯಂತೆ ಜೂನ್ 1ಕ್ಕೆ ಕೇರಳ ತಲುಪಿ ಕೆಲವೇ ದಿನಗಳಲ್ಲಿ ನಮ್ಮ ಕರಾವಳಿಗೆ ಬರುವುದರಿಂದ, ಮೇ ಕೊನೆಯ ಹೊತ್ತಿಗೇ ಕಡಲು ಕೆರಳತೊಡಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯುವ ಯೋಚನೆಯನ್ನೇ ಬಿಡಬೇಕು. ಕಡಲನ್ನೇ ಬದುಕಾಗಿಸಿಕೊಂಡ ಮೀನುಗಾರರ ಯಾಂತ್ರಿಕ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಅದು ಮೀನಿನ ಸಂತಾನೋತ್ಪತ್ತಿಯನ್ನು ಉದ್ದೇಶಿಸಿದ್ದಾದರೂ, ಆ ದಿನಗಳ ಕಡಲು ಎಂಥದೆಂಬುದಕ್ಕೂ ಸೂಚನೆಯೇ ಸರಿ. ಬೇಸಿಗೆಯಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ, ಇಲ್ಲಿ ಗಾಳಿಯೂ ಮೋಡವೂ ಇಲ್ಲದ ದಿನ ಇದ್ದಕ್ಕಿದ್ದಂತೆ ದಡಕ್ಕೆ ನುಗ್ಗುವುದುಂಟು. ಕೇರಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಕಳ್ಳನಂತೆ ಬರುವ ಕಡಲು ಎಂದು ಅರ್ಥ. ಹೈದರಾಬಾದಿನಲ್ಲಿರುವ ಇನ್‌ಕಾಯಿಸ್ ಎಂಬ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಇದಕ್ಕೆ ಮುಂಚಿತವಾಗಿ ಎಚ್ಚರಿಕೆ ನೀಡುತ್ತದೆ. ಹೊರಡುವ ಹಿಂದಿನ ದಿನ ಆ ಸಂಸ್ಥೆಯ ಜಾಲತಾಣದಲ್ಲಿ ದಕ್ಷಿಣ ಕನ್ನಡದ ಹೆಸರಿದೆಯೇ ಎಂದು ನೋಡಿಕೊಳ್ಳುವುದು ಮನೆಯ ವಿದ್ಯಾವಂತ ಮಕ್ಕಳ ಕೆಲಸವಾಗಲಿ.

ಹೊತ್ತು ಎಂದರೆ ಬೆಳಿಗ್ಗೆ ಜೀವರಕ್ಷಕರು ಕೆಲಸಕ್ಕೆ ಬಂದ ಮೇಲೆ ಹತ್ತು ಗಂಟೆಯವರೆಗೆ, ಮತ್ತೆ ಸಂಜೆ ನಾಲ್ಕರಿಂದ ಸೂರ್ಯ ಮುಳುಗುವ ಮೊದಲು. ನಡುವಿನ ಬಿಸಿಲಿನಲ್ಲಿ ಮರಳೇ ಕಾಲು ಸುಡುತ್ತದೆ. ಉಬ್ಬರ ಇಳಿತಗಳ ಲೆಕ್ಕವನ್ನೂ ಸ್ವಲ್ಪ ತಿಳಿದಿರಿ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷವಾಗುವುದರಿಂದ, ದಿನದಿಂದ ದಿನಕ್ಕೆ ಅದು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇಂದು ಬೆಳಿಗ್ಗೆ ಒಂಬತ್ತಕ್ಕೆ ನೀರು ತುಂಬಿದ್ದರೆ ನಾಳೆ ಹತ್ತರ ಹತ್ತಿರಕ್ಕೆ ತುಂಬುತ್ತದೆ. ನೀರು ಇಳಿಯುತ್ತಿರುವಾಗ ಸೆಳೆತ ಸಾಮಾನ್ಯವಾಗಿ ಬಲವಾಗಿರುತ್ತದೆಂಬುದನ್ನು ನೆನಪಿಟ್ಟರೆ ಸಾಕು. ಉಳಿದದ್ದನ್ನು ಜೀವರಕ್ಷಕರನ್ನೇ ಕೇಳಿ.

ನೀವು ನಗರದ ಬೀಚನ್ನು ಆರಿಸಿಕೊಂಡದ್ದು ನನಗೆ ಮೆಚ್ಚಿಗೆಯಾಯಿತು. ಜನಜಂಗುಳಿಯಿಲ್ಲದ ಏಕಾಂತದ ತೀರ ಚಿತ್ರದಲ್ಲಿ ಚೆನ್ನ, ಆದರೆ ಅಲ್ಲಿ ಕೂಗಿದರೆ ಕೇಳುವವರಿರುವುದಿಲ್ಲ. ಮಂಗಳೂರು ಪೇಟೆಯಿಂದ ಸುಮಾರು 10 ಕಿ.ಮೀ. ದೂರದಲ್ಲಿ, ನವಮಂಗಳೂರು ಬಂದರಿನ ಪಕ್ಕದಲ್ಲಿರುವ ಪಣಂಬೂರಿನಲ್ಲಿ ಜೀವರಕ್ಷಕರಿರುತ್ತಾರೆ, ಆಸ್ಪತ್ರೆಗಳು ದೂರವಲ್ಲ. ಕೆಂಪು ಹಳದಿ ಬಣ್ಣದ ಬಾವುಟಗಳನ್ನು ನೆಟ್ಟಿದ್ದರೆ ಎರಡು ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಿರಿ. ಬರಿಯ ಕೆಂಪು ಬಾವುಟ ಹಾರುತ್ತಿದ್ದರೆ ಮರಳಿನಲ್ಲೇ ಆಡಿ ಬನ್ನಿ. ಬಂದರಿನ ಕಲ್ಲಿನ ಅಲೆತಡೆಗೋಡೆಯ ಹತ್ತಿರ ಹೋಗಬೇಡಿ, ಅಂಥ ಗೋಡೆಗಳ ಮಗ್ಗುಲಲ್ಲಿ ಸೆಳೆತ ಹುಟ್ಟಿಕೊಳ್ಳುತ್ತದೆ. ಮಕ್ಕಳಿಗೆ ಮೊಣಕಾಲು, ದೊಡ್ಡವರಿಗೆ ಸೊಂಟ. ತಮ್ಮಂದಿರಿಗೂ ಸೊಂಟವೇ.

ಇನ್ನು ಪ್ರಯಾಣ. ಕೋಲಾರವನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75 ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ಮೂಲಕ ಬಂಟ್ವಾಳದವರೆಗೂ ಹೋಗುತ್ತದೆ. ಒಟ್ಟು ದೂರ ಹೆಚ್ಚುಕಡಿಮೆ 420 ಕಿ.ಮೀ. ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಿಗ್ಗೆ ನೇರವಾಗಿ ಬೀಚಿಗೆ ಇಳಿಯುವ ಪದ್ಧತಿಯೊಂದು ನಮ್ಮಲ್ಲಿದೆ. ಲಾಡ್ಜಿನ ಬಾಡಿಗೆ ಉಳಿಯುತ್ತದೆ ನಿಜ, ಆದರೆ ನಿದ್ದೆಗೆಟ್ಟ ಮೈಯಲ್ಲಿ ಅಲೆಯೆದುರು ನಿಲ್ಲುವುದು ತರವಲ್ಲ, ನಿದ್ದೆಗೆಟ್ಟ ಡ್ರೈವರು ಘಾಟಿಯಲ್ಲಿ ಗಾಡಿ ಓಡಿಸುವುದಂತೂ ಇನ್ನೂ ತರವಲ್ಲ. ಹಗಲು ಹೊರಟು, ರಾತ್ರಿ ಮಂಗಳೂರಿನಲ್ಲಿ ಮಲಗಿ, ಮರುದಿನ ಬೆಳಿಗ್ಗೆ ಕಡಲಿಗೆ ಹೋಗಿ.

ಪ್ರಶ್ನೆ: ನಮಗೆ ಮಂಗಳೂರಿಗಿಂತ ಚೆನ್ನೈ ಹತ್ತಿರ. ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ನೇರವಾಗಿ ಹೋಗಬಹುದು. ಮರೀನಾ ಬೀಚಿನಲ್ಲಿ ಸ್ನಾನ ಮಾಡಿದರೆ ಆಗದೇ?
— ನಿವೃತ್ತ ನೌಕರರು, ಕೆ.ಜಿ.ಎಫ್.

ಉತ್ತರ: ಆಗದು. ಮರೀನಾದಲ್ಲಿ ನೀರಿಗಿಳಿದು ಸ್ನಾನ ಮಾಡುವುದಕ್ಕೆ, ಈಜುವುದಕ್ಕೆ ನಿಷೇಧವಿದೆ. ದಡದಿಂದ ಕೆಲವೇ ಹೆಜ್ಜೆಗಳಲ್ಲಿ ಆಳ ಹೆಚ್ಚುವುದು, ಸೆಳೆತ ಬಲವಾಗಿರುವುದು ಇದಕ್ಕೆ ಕಾರಣ. ಜನ ಇಳಿಯುವುದೇ ಇಲ್ಲವೆಂದಲ್ಲ, ಸಾವಿರಾರು ಜನ ಕಾಲು ನೆನೆಸುತ್ತಿರುವುದನ್ನು ನೀವೇ ಕಾಣುವಿರಿ. ಆದರೆ ಜನರಿದ್ದಾರೆಂಬುದು ನೀರು ಸುರಕ್ಷಿತವೆಂಬುದಕ್ಕೆ ಸಾಕ್ಷಿಯಲ್ಲ.

ನೋಡುವುದಕ್ಕಾದರೆ ಮರೀನಾ ಅಪೂರ್ವವಾದದ್ದು. ಅಷ್ಟು ಅಗಲವಾದ ಮರಳು ಅಲ್ಲಿ ಮೊದಲಿನಿಂದಲೂ ಇದ್ದದ್ದಲ್ಲ. ಆ ಕರಾವಳಿಯಲ್ಲಿ ವರ್ಷದ ಹೆಚ್ಚಿನ ಕಾಲ ಮರಳು ದಕ್ಷಿಣದಿಂದ ಉತ್ತರಕ್ಕೆ ದಡದುದ್ದಕ್ಕೂ ಸಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಂದರಿನ ಗೋಡೆಗಳನ್ನು ಕಟ್ಟಿದ ಮೇಲೆ ಆ ಮರಳಿಗೆ ಅಡ್ಡಿಯಾಗಿ, ಗೋಡೆಯ ದಕ್ಷಿಣಕ್ಕೆ ಅದು ಕೂಡುತ್ತ ಹೋಯಿತು. ಉತ್ತರಕ್ಕಿರುವ ರಾಯಪುರಂ ಕಡೆಯ ದಡಕ್ಕೆ ಮರಳು ಬಾರದೆ ಅಲ್ಲಿ ಕೊರೆತ ಶುರುವಾಯಿತು. ಒಬ್ಬರ ಹೊಲಕ್ಕೆ ಕಟ್ಟಿದ ಬದು ಪಕ್ಕದವರ ಹೊಲದ ಮಣ್ಣು ಕದ್ದಂತೆ. ಗವರ್ನರ್ ಗ್ರಾಂಟ್ ಡಫ್ 1880ರ ದಶಕದಲ್ಲಿ ಅಲ್ಲಿ ವಿಹಾರದ ದಾರಿ ಮಾಡಿಸಿ ಮರೀನಾ ಎಂದು ಹೆಸರಿಟ್ಟರು. ಪೂರ್ವಕ್ಕೆ ಮುಖಮಾಡಿದ ಕಡಲಾದ್ದರಿಂದ ಬೆಳಗಿನ ಜಾವ ಹೋಗಿ ಸೂರ್ಯೋದಯ ನೋಡಿ. ಸೂರ್ಯಾಸ್ತ ನೋಡಲು ಹೋದವರು ನಗರದ ಕಟ್ಟಡಗಳ ಹಿಂದೆ ಸೂರ್ಯ ಮರೆಯಾಗುವುದನ್ನು ನೋಡಿಕೊಂಡು ಬರುತ್ತಾರೆ.

ಚೆನ್ನೈ ಕಡೆಯೇ ನೀರಿಗಿಳಿಯಬೇಕೆಂಬ ಹಠವಿದ್ದರೆ, ಪೂರ್ವ ಕರಾವಳಿ ರಸ್ತೆಯಲ್ಲಿ ನಗರದಿಂದ ದಕ್ಷಿಣಕ್ಕೆ ಸುಮಾರು 40 ಕಿ.ಮೀ. ದೂರದ ಕೋವಳಂ ಇದೆ. ಕೇರಳದ ಕೋವಳಂ ಬೇರೆ, ಇದು ಬೇರೆ. ಇದಕ್ಕೆ 2021ರಲ್ಲಿ ‘ಬ್ಲೂ ಫ್ಲ್ಯಾಗ್’ ಮನ್ನಣೆ ದೊರೆಯಿತು. ನಮ್ಮ ರಾಜ್ಯದ ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ 2020ರಲ್ಲೇ ಈ ಮನ್ನಣೆ ಸಿಕ್ಕಿತ್ತು. ನೀರಿನ ಸ್ವಚ್ಛತೆ, ಶೌಚಾಲಯ, ಜೀವರಕ್ಷಕರು ಮುಂತಾದುವನ್ನು ನೋಡಿ ಕೊಡುವ ಈ ಮನ್ನಣೆ ‘ಇಂದು ಕಡಲು ಶಾಂತವಾಗಿದೆ’ ಎಂಬ ಪ್ರಮಾಣಪತ್ರವಲ್ಲ. ದಿನದ ಬಾವುಟವನ್ನು ಬೇರೆಯಾಗಿಯೇ ನೋಡಬೇಕು. ಋತುವಿನ ಲೆಕ್ಕವೂ ಪೂರ್ವದಲ್ಲಿ ಬೇರೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರಿನ ಮಳೆ, ಚಂಡಮಾರುತಗಳ ಕಾಲ. ದಸರಾ ರಜೆಯಲ್ಲಿ ಆ ಕಡೆ ಹೋಗುವವರು ಹವಾಮಾನ ಇಲಾಖೆಯ ಮುನ್ಸೂಚನೆ ನೋಡದೆ ಟಿಕೆಟ್ ಮಾಡಿಸಬಾರದು.

ಪ್ರಶ್ನೆ: ನಮ್ಮ ತಾಯಿಗೆ 72 ವರ್ಷ. ರಕ್ತದೊತ್ತಡ, ಮಂಡಿನೋವು ಇವೆ. ಮಾಘ ಹುಣ್ಣಿಮೆಯ ದಿನವೇ ಸಮುದ್ರ ಸ್ನಾನ ಮಾಡಿಸು ಎನ್ನುತ್ತಾರೆ. ಕರೆದುಕೊಂಡು ಹೋಗಬಹುದೇ?
— ಶಿಕ್ಷಕರು, ಚಿಂತಾಮಣಿ

ಉತ್ತರ: ಕರೆದುಕೊಂಡು ಹೋಗಿ, ಮಾಘ ಮಾಸದಲ್ಲಿ ಪಶ್ಚಿಮದ ಕಡಲು ಸಾಮಾನ್ಯವಾಗಿ ಸೌಮ್ಯವಾಗಿರುತ್ತದೆ. ಆದರೆ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಕೂಡುವುದರಿಂದ ಉಬ್ಬರ ಹೆಚ್ಚು ಮೇಲೇರುತ್ತದೆ, ಇಳಿತ ಹೆಚ್ಚು ಕೆಳಗಿಳಿಯುತ್ತದೆ. ಅಂದರೆ ಹಿರಿಯರು ಸ್ನಾನಕ್ಕೆಂದು ಗೊತ್ತುಮಾಡಿದ ಪರ್ವದಿನಗಳೇ ನೀರಿನ ಓಡಾಟ ಹೆಚ್ಚಿರುವ ದಿನಗಳು. ಅಲೆ ಬಂದು ಹಿಂದಿರುಗುವಾಗ ಕಾಲಡಿಯ ಮರಳೂ ಜಾರುತ್ತದೆ, ನೋಡುತ್ತ ನಿಂತವರಿಗೆ ತಲೆ ತಿರುಗಿದಂತಾಗುತ್ತದೆ. ಮಂಡಿನೋವಿನವರು ಬೀಳುವುದು ಆ ಕ್ಷಣದಲ್ಲೇ. ಹೀಗಾಗಿ ಅಮ್ಮನವರನ್ನು ನೊರೆ ಬಂದು ಮುಟ್ಟುವ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ನೀವೇ ಚೊಂಬಿನಲ್ಲಿ ನೀರು ತಂದು ತಲೆಗೆ ಹಾಕಿ. ಮುಳುಗು ಹಾಕಲಾಗದವರಿಗೆ ಪ್ರೋಕ್ಷಣೆ ಸಾಕೆಂಬುದು ಸಂಪ್ರದಾಯವೂ ಒಪ್ಪಿದ ಮಾತು. ನೂಲಿನ ಸೀರೆ ನೆನೆದರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ, ಹಗುರವಾದದ್ದನ್ನು ಎತ್ತಿ ಉಡಿಸಿ. ರಕ್ತದೊತ್ತಡದ ಮಾತ್ರೆಯನ್ನು ಉಪವಾಸದ ನೆಪದಲ್ಲಿ ತಪ್ಪಿಸಲು ಬಿಡಬೇಡಿ.

ಪ್ರಶ್ನೆ: ತುಮಕೂರು ಕಡೆಯಿಂದ ಮಂಗಳೂರಿಗೆ ಚಾರ್ಮಾಡಿ ದಾರಿ ಒಳ್ಳೆಯದೋ, ಶಿರಾಡಿ ದಾರಿಯೋ?
— ಒಬ್ಬ ಓದುಗರು, ಗುಬ್ಬಿ

ಉತ್ತರ: ನಿಮ್ಮೂರಿನ ಮೇಲೆಯೇ ಹೋಗುವ ರಾಷ್ಟ್ರೀಯ ಹೆದ್ದಾರಿ 73 ತಿಪಟೂರು, ಅರಸೀಕೆರೆ, ಬೇಲೂರು, ಮೂಡಿಗೆರೆ, ಚಾರ್ಮಾಡಿ, ಉಜಿರೆಗಳ ಮೂಲಕ ಮಂಗಳೂರು ಮುಟ್ಟುತ್ತದೆ. ದಾರಿಯಲ್ಲೇ ಹಳೇಬೀಡು, ಬೇಲೂರು ಸಿಗುವುದು ಲಾಭ. ಘಾಟಿಯ ತಿರುವುಗಳು ಕಿರಿದು, ಮಕ್ಕಳಿಗೆ ವಾಂತಿಯಾಗುವುದು ನಷ್ಟ. ಕತ್ತಲಾದ ಮೇಲೆ ಮಂಜು ಕವಿಯುವುದರಿಂದ ಹಗಲಿನಲ್ಲೇ ದಾಟಿ. ದೊಡ್ಡ ಗಾಡಿಯಾದರೆ ಶಿರಾಡಿಯೇ ಸಲೀಸು. ನನ್ನನ್ನು ಕೇಳಿದರೆ ಕುಣಿಗಲ್‌ಗೆ ಹೋಗಿ ರೈಲು ಹತ್ತಿ ಎನ್ನುತ್ತೇನೆ. ಬೆಂಗಳೂರಿನಿಂದ ಹಾಸನಕ್ಕೆ ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹೋಗುವ ಮಾರ್ಗ 2017ರಿಂದ ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ, ಹಗಲಿನ ರೈಲಾದರೆ ಮಕ್ಕಳು ಎಣಿಸುತ್ತ ಕೂರುತ್ತಾರೆ. ಯಾವ ರೈಲು ಕುಣಿಗಲ್‌ನಲ್ಲಿ ನಿಲ್ಲುತ್ತದೆಂದು ಮೊದಲೇ ವಿಚಾರಿಸಿಕೊಳ್ಳಿ.

ಪ್ರಶ್ನೆ: ಗೆಳೆಯರು ಏಳೆಂಟು ಜನ ಹೋಗುತ್ತಿದ್ದೇವೆ. ಯಾರಾದರೂ ನೀರಿನಲ್ಲಿ ಸಿಕ್ಕಿಕೊಂಡರೆ ಉಳಿದವರು ಏನು ಮಾಡಬೇಕು? ಲಾರಿ ಟ್ಯೂಬು ಒಯ್ದರೆ ಉಪಯೋಗವೇ?
— ಕಾಲೇಜು ವಿದ್ಯಾರ್ಥಿ, ಮಧುಗಿರಿ

ಉತ್ತರ: ಈ ಪ್ರಶ್ನೆಯನ್ನು ಹೊರಡುವ ಮೊದಲೇ ಕೇಳಿದ ನಿಮ್ಮನ್ನು ಅಭಿನಂದಿಸುತ್ತೇನೆ. ಸಿಕ್ಕಿಕೊಂಡವನು ಮೊದಲು ತಿಳಿಯಬೇಕಾದದ್ದು ಒಂದಿದೆ. ಜನ ‘ಒಳಸೆಳೆತ’ ಎನ್ನುವುದರಿಂದ ಅದು ನೀರಿನಡಿಗೆ ಎಳೆಯುತ್ತದೆಂಬ ಭಯವಿದೆ. ಅದು ಎಳೆಯುವುದು ದಡದಿಂದ ಹೊರಕ್ಕೆ, ತಳಕ್ಕಲ್ಲ. ಅಲೆಗಳು ಒಡೆಯುವ ಸಾಲನ್ನು ದಾಟಿದ ಮೇಲೆ ಅದರ ಕಸುವು ಕುಗ್ಗುತ್ತದೆ. ಆದ್ದರಿಂದ ದಡದ ಕಡೆಗೆ ಎದುರೀಜಿ ಸುಸ್ತಾಗದೆ, ಅಂಗಾತ ತೇಲಿ ಉಸಿರು ಉಳಿಸಿಕೊಂಡು, ಒಂದು ಕೈ ಮೇಲೆತ್ತಿ ಸಹಾಯ ಕೇಳಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ನೊರೆಯ ಅಲೆಗಳಿರುವ ಕಡೆಯಿಂದ ವಾಪಸಾಗಬೇಕು. ಉಪ್ಪುನೀರಿನಲ್ಲಿ ತೇಲುವುದು ಬಾವಿಯ ನೀರಿನಲ್ಲಿ ತೇಲುವುದಕ್ಕಿಂತ ಸುಲಭ.

ದಡದಲ್ಲಿರುವವರು ಹಿಂದೆಯೇ ಧುಮುಕಬಾರದು. ಒಬ್ಬನನ್ನು ಉಳಿಸಲು ಹೋದ ಇಬ್ಬರೂ ಮುಳುಗಿದರೆಂಬ ಸುದ್ದಿಯನ್ನು ನಮ್ಮ ಜಿಲ್ಲೆಗಳ ಕೃಷಿಹೊಂಡ, ಕೆರೆಗಳ ವಿಷಯದಲ್ಲೇ ಎಷ್ಟು ಸಲ ಓದಿದ್ದೇವೆ! ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಿ, ತೇಲುವುದೇನಾದರೂ ಎಸೆಯಿರಿ. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನು ಒಬ್ಬನನ್ನು ತೇಲಿಸಿಡುತ್ತದೆ. ಒಬ್ಬ ಮಾತ್ರ ಕಣ್ಣು ಕೀಳದೆ ಮುಳುಗುತ್ತಿರುವವನ ಕಡೆಗೆ ಬೆರಳು ತೋರುತ್ತ ನಿಂತಿರಲಿ, ಅಲೆಗಳ ನಡುವೆ ತಲೆ ಕಣ್ಮರೆಯಾಗುವುದು ಬೇಗ. ಮೇಲೆ ತಂದವನನ್ನು ತಲೆಕೆಳಗು ಮಾಡುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ತಪ್ಪು. ಉಸಿರಿಲ್ಲದಿದ್ದರೆ ತಡಮಾಡದೆ ಬಾಯಿಂದ ಬಾಯಿಗೆ ಉಸಿರು ಕೊಟ್ಟು, ಎದೆಯ ನಡುವೆ ಒತ್ತಬೇಕು. ಎದ್ದು ಕೂತು ‘ಏನೂ ಆಗಿಲ್ಲ’ ಎಂದರೂ ಆಸ್ಪತ್ರೆಗೆ ಒಯ್ಯಿರಿ, ಶ್ವಾಸಕೋಶಕ್ಕೆ ಹೋದ ನೀರು ಕೆಲವು ಗಂಟೆಗಳ ನಂತರ ತೊಂದರೆ ಕೊಡಬಲ್ಲದು.

ಲಾರಿ ಟ್ಯೂಬು ಬಾವಿಗೆ ಸರಿ, ಕಡಲಿಗೆ ಬೇಡ. ನಸುಕಿನಲ್ಲಿ ಗಾಳಿ ನೆಲದಿಂದ ಕಡಲಿನ ಕಡೆಗೆ ಬೀಸುತ್ತದೆ. ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂತವನು ತಾನು ದೂರ ಹೋಗುತ್ತಿರುವುದು ತಿಳಿಯುವ ಹೊತ್ತಿಗೆ ದಡದ ಮನುಷ್ಯರು ಬೆರಳಿನಷ್ಟಾಗಿರುತ್ತಾರೆ. ಮದ್ಯದ ವಿಷಯವನ್ನು ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ, ಕುಡಿದವನನ್ನು ನೀರಿಗೆ ಬಿಡಬೇಡಿ.

ಪ್ರಶ್ನೆ: ಒಡವೆ, ಬಟ್ಟೆ, ಮೊಬೈಲುಗಳ ವಿಷಯದಲ್ಲಿ ಏನು ಎಚ್ಚರ ವಹಿಸಬೇಕು? ಬೀಚಿನಲ್ಲಿ ಕಾಲಿಗೆ ಡಾಂಬರು ಅಂಟುತ್ತದೆಂದು ಕೇಳಿದ್ದೇನೆ, ನಿಜವೇ?
— ಒಬ್ಬ ಗೃಹಿಣಿ, ಗೌರಿಬಿದನೂರು

ಉತ್ತರ: ನಿಜ. ಮಳೆಗಾಲಕ್ಕೆ ಸ್ವಲ್ಪ ಮುಂಚೆ, ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ದಡಗಳಿಗೆ ಕಪ್ಪು ಡಾಂಬರಿನ ಉಂಡೆಗಳು ಬಂದು ಬೀಳುವುದುಂಟು. ಹಡಗುಗಳಿಂದ ಚೆಲ್ಲಿದ ಎಣ್ಣೆ ಕಡಲಿನಲ್ಲಿ ಗಟ್ಟಿಯಾಗಿ ಹಾಗಾಗುತ್ತದೆ. ಸಾಬೂನಿಗೆ ಅದು ಬಗ್ಗದು, ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಬಿಡುತ್ತದೆ. ಒಂದು ಸಣ್ಣ ಶೀಷೆ ಜೊತೆಗಿರಲಿ. ಒಡವೆಗಳನ್ನು ಮನೆಯಲ್ಲೇ ಬಿಟ್ಟು ಹೊರಡಿ. ನೀರಿನಲ್ಲಿ ಬೆರಳು ಸಣ್ಣಗಾಗಿ ಉಂಗುರ ತಾನಾಗಿ ಜಾರುತ್ತದೆ, ಕೊರಳ ಸರವನ್ನು ಅಲೆ ಎಳೆದೊಯ್ದರೆ ಮರಳಿನಲ್ಲಿ ಹುಡುಕುವುದು ವ್ಯರ್ಥ. ತಾಳಿ ತೆಗೆಯಲು ಮನಸ್ಸೊಪ್ಪದವರು ಅರಿಶಿನದ ದಾರದಲ್ಲಿ ಕಟ್ಟಿಕೊಳ್ಳಬಹುದು. ದುಪಟ್ಟಾ ಬೇಡ. ಗಾಡಿಯ ರಿಮೋಟ್ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ನೀರಿಗಿಳಿದು, ಉಪ್ಪುನೀರಿಗೆ ಅದು ಕೆಟ್ಟು, ಇಡೀ ಸಂಸಾರ ರಾತ್ರಿಯವರೆಗೆ ಮೆಕ್ಯಾನಿಕ್‌ನ ದಾರಿ ಕಾದದ್ದನ್ನು ನಾನು ಕಂಡಿದ್ದೇನೆ. ಆ ಸಂಸಾರ ನಮ್ಮದೇ. ಸರದಿಯಂತೆ ಇಬ್ಬರು ದಡದಲ್ಲಿ ಕೂತು ಸಾಮಾನೂ ಮಕ್ಕಳೂ ಎರಡರ ಮೇಲೂ ಕಣ್ಣಿಟ್ಟಿರಬೇಕು.

ಲೋಳೆಯಂತಿರುವ ಅಂಬಲಿ ಮೀನು ದಡದಲ್ಲಿ ಸತ್ತಂತೆ ಬಿದ್ದಿದ್ದರೂ ಮಕ್ಕಳು ಮುಟ್ಟಬಾರದು. ಚುಚ್ಚಿದರೆ ಉಜ್ಜದೆ ಕಡಲ ನೀರಿನಲ್ಲೇ ತೊಳೆದು ವೈದ್ಯರಿಗೆ ತೋರಿಸಿ.

ಪ್ರಶ್ನೆ: ನೀರಿಗಿಳಿಯುವ ಮೊದಲು ಮಕ್ಕಳಿಗೆ ಏನು ಕೊಡಬೇಕು? ಮನೆಯಿಂದ ಬುತ್ತಿ ಒಯ್ಯಬೇಕೇ?
— ಓದುಗರು, ಶಿಡ್ಲಘಟ್ಟ

ಉತ್ತರ: ಮೊದಲ ದಿನದ ದಾರಿಗೆ ಬುತ್ತಿ ಸಾಕು. ಮಂಗಳೂರಿನ ಹೋಟೆಲುಗಳಲ್ಲಿ ನೀರುದೋಸೆ ಸಿಗುತ್ತದೆ. ಬೆಳಿಗ್ಗೆ ಅದನ್ನು ಹಗುರವಾಗಿ ತಿನ್ನಿಸಿ, ಒಂದು ಗಂಟೆ ಬಿಟ್ಟು ನೀರಿಗೆ ಬಿಡಿ. ಕಡಲಿನಲ್ಲಿ ಆಡುವಾಗ ಬೆವರಿದ್ದು ತಿಳಿಯುವುದಿಲ್ಲವಾದ್ದರಿಂದ ಆಗಾಗ ಕರೆದು ಕುಡಿಯಲು ನೀರು ಕೊಡಿ. ಎಳನೀರು ಇನ್ನೂ ಒಳ್ಳೆಯದು, ಆದರೆ ಅಲ್ಲಿ ಅದನ್ನು ‘ಬೊಂಡ’ ಎನ್ನುತ್ತಾರೆ. ನಮ್ಮ ಕಡೆಯ ಬಿಸಿ ಬೊಂಡವನ್ನು ನೆನೆದು ಕೇಳಿದವರ ಕೈಗೆ ಕೊಚ್ಚಿದ ಎಳನೀರು ಬರುತ್ತದೆ. ಕರಿದದ್ದೇ ಬೇಕಾದರೆ ಗೋಳಿಬಜೆ ಎಂದು ಕೇಳಿ.